ಎಸ್ಟಿಲ್ ಕೊಟ್ಟ ಮಾತು

ಶವಪೆಟ್ಟಿಗೆಯ ಮುಚ್ಚಳ ಇನ್ನೂ ನಾಲ್ಕು ಬೆರಳು ತೆರೆದೇ ಇತ್ತು, ಅಷ್ಟರಲ್ಲೇ ಗೇಲನ್ ಫ್ಯೂಗೇಟ್, ಊರಿನ ಕಿರಿಯರೆಲ್ಲ ಅತ್ತೆ ಎನ್ನುವ ಮುದುಕಿ ವರ್ಲಿಯ ಕಿವಿಯ ಹತ್ತಿರ ಬಾಗಿದ.

"ಅತ್ತೆ, ದೇವರು ನಿಮಗೆ ಸಮಾಧಾನ ಕೊಡ್ಲಿ. ಮಾವನ ಆ ಪಿಸ್ತೂಲು ಮನೇಲೇ ಇದೆಯಲ್ಲ?"

ವರ್ಲಿ ಗಂಡ ಎಸ್ಟಿಲ್‌ನ ಮುಖದಿಂದ ಕಣ್ಣು ಕೀಳಲಿಲ್ಲ. ನಲವತ್ತೇಳು ವರ್ಷ ನೋಡಿದ ಮುಖ. ಇನ್ನು ನೋಡಲು ಉಳಿದದ್ದು ನಾಲ್ಕೇ ಬೆರಳು. ಪಿಸ್ತೂಲು ಮನೆಯಲ್ಲಿರಲಿಲ್ಲ. ಅವಳ ಕಂಕುಳಿನ ಕೈಚೀಲದಲ್ಲಿತ್ತು. ಕೆಂಟಕಿಯ ಆ ಕಣಿವೆಯಲ್ಲಿ ಹೆಣ ಚರ್ಚಿನ ಕಡೆಗೆ ಹೊರಟರೆ ಕಳ್ಳರು ಮನೆಯ ಕಡೆಗೆ ಹೊರಡುತ್ತಾರೆ. ಪಾದ್ರಿ ತಡಮಾಡಬಹುದು, ಕಳ್ಳರು ಮಾಡುವುದಿಲ್ಲ.

"ಮುಚ್ಚಳ ಹಾಕ್ಲಿ, ಗೇಲನ್."

"ಹಾಕ್ಲಿ, ಹಾಕ್ಲಿ. ನಂಗೇನವಸರ? ದುಡ್ಡು ಜೇಬಲ್ಲೇ ಇದೆ, ಅದಕ್ಕೆ ಹೇಳ್ದೆ."

ಗೇಲನ್‌ನಷ್ಟು ಚೆಂದವಾಗಿ ನಗುವ ಗಂಡಸು ಮೂರು ಜಿಲ್ಲೆ ಹುಡುಕಿದರೂ ಸಿಗುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಹೆಂಡತಿ ಡ್ರೀಮಾಳ ತೋಳನ್ನು ಎರಡು ಕಡೆ ಮುರಿದಾಗಲೂ ನಗುತ್ತಲೇ ಇದ್ದನಂತೆ. ಡ್ರೀಮಾ ಮನೆ ಬಿಟ್ಟಳು. ಅವಳಿಂದ ಐನೂರು ಅಡಿ ದೂರದಲ್ಲಿರಬೇಕೆಂದು ನ್ಯಾಯಾಧೀಶರು ಅವನಿಗೆ ಬರೆದುಕೊಟ್ಟರು. ಆ ಕಣಿವೆಯೇ ಐನೂರು ಅಡಿ ಅಗಲವಿಲ್ಲ. ಈ ಗುಡ್ಡದವನು ಸೀನಿದರೆ ಆ ಗುಡ್ಡದವನು ಮುಖ ಒರೆಸಿಕೊಳ್ಳಬೇಕು. ಪೊಲೀಸರು ಅವನ ಬಂದೂಕುಗಳನ್ನೆಲ್ಲ ಹೊತ್ತೊಯ್ದರು. ಬಂದೂಕಿನಂಗಡಿಗಳ ಕಂಪ್ಯೂಟರು ಅವನ ಹೆಸರು ಕೇಳಿದರೆ ಸಾಕು, ಆಗದು ಎನ್ನುತ್ತಿತ್ತು. ಆದರೆ ಮನೆಯ ಪಿಸ್ತೂಲನ್ನು ಮನುಷ್ಯ ಮನುಷ್ಯನಿಗೆ ಮಾರುವುದಕ್ಕೆ ಅಲ್ಲಿ ಯಾರೂ ಕಂಪ್ಯೂಟರನ್ನು ಕೇಳುವುದಿಲ್ಲ. ನೀನು ಯಾರ ಪೈಕಿ ಎಂದು ಕೇಳುತ್ತಾರೆ, ಕೈ ಕುಲುಕುತ್ತಾರೆ, ಅಷ್ಟೇ.

ಮುಚ್ಚಳ ಮುಚ್ಚಿತು.

*

ಎಸ್ಟಿಲ್ ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ಮಂಡಿಯೂರಿ ದುಡಿದವನು. ಅವನು ಕೆಮ್ಮಿದರೆ ಪಕ್ಕದೂರಿನ ನಾಯಿಗಳು ಬೊಗಳುತ್ತಿದ್ದವು. ಹೆಚ್ಚು ಮಾತಿಲ್ಲ, ಕುಡಿತವಿಲ್ಲ, ಯಾರ ತಂಟೆಯೂ ಇಲ್ಲ. ಜೀವಮಾನದಲ್ಲಿ ಅವನು ಮಾರಿದ್ದು ಒಂದೇ ಒಂದು ಪಿಸ್ತೂಲು, ಇಪ್ಪತ್ತೊಂದು ವರ್ಷದ ಹಿಂದೆ, ದನದ ಮೇವಿನ ಅಂಗಡಿಯ ಅಂಗಳದಲ್ಲಿ.

"ನೀನು ಯಾರ ಪೈಕಿನಪ್ಪ?"

"ಕ್ಲೀವ್ ಮಜರ್ಡ್ ಮೊಮ್ಮಗ."

"ಕ್ಲೀವ್ ಮೊಮ್ಮಗನಾ! ಗಣಿ ಕುಸಿದಾಗ ನನ್ನ ಕಾಲು ಹಿಡಿದು ಆಚೆ ಎಳೆದ ಪುಣ್ಯಾತ್ಮ ಕಣೋ ನಿಮ್ಮಜ್ಜ. ತಗೊಂಡೋಗು."

ಯುವಕನ ಕಣ್ಣು ಊದಿಕೊಂಡಿತ್ತು, ನೋಟು ಎಣಿಸುವಾಗ ಮೂರು ಸಲ ಲೆಕ್ಕ ತಪ್ಪಿದ. ಎರಡನ್ನೂ ಎಸ್ಟಿಲ್ ಕಂಡ. ಅಜ್ಜನ ಹೆಸರು ಎರಡಕ್ಕಿಂತ ದೊಡ್ಡದಾಗಿ ಕಂಡಿತು. ಹನ್ನೊಂದನೆಯ ದಿನ ಆ ಯುವಕ, ತನ್ನನ್ನು ಬೇಡವೆಂದ ಹುಡುಗಿಗೆ, ಅವಳು ಕೆಲಸ ಮಾಡುತ್ತಿದ್ದ ಪೆಟ್ರೋಲ್ ಬಂಕಿನಲ್ಲೇ ಗುಂಡು ಹಾರಿಸಿ ಕೊಂದ.

ಆಮೇಲೆ ಎಸ್ಟಿಲ್ ಚರ್ಚಿನಲ್ಲಿ ಜಾಗ ಬದಲಿಸಿದ. ಆ ಹುಡುಗಿಯ ತಾಯಿ ಕೂರುತ್ತಿದ್ದ ಬೆಂಚಿನ ಹಿಂದಿನ ಬೆಂಚು. ಇಪ್ಪತ್ತೊಂದು ವರ್ಷ, ಭಾನುವಾರಕ್ಕೊಂದು ಸಲ, ಅವಳ ಹಿಂದಲೆಯನ್ನು ನೋಡಿದ. ಆ ತಲೆ ಕಪ್ಪಿನಿಂದ ಬಿಳುಪಾದದ್ದನ್ನು ಕೂದಲು ಕೂದಲಾಗಿ ಬಲ್ಲವನು ಲೋಕದಲ್ಲಿ ಅವನೊಬ್ಬನೇ. ಅವಳೊಡನೆ ಒಂದು ಮಾತೂ ಆಡಲಿಲ್ಲ.

*

ಸ್ಮಶಾನ ಗುಡ್ಡದ ನೆತ್ತಿಯಲ್ಲಿ. ಆ ದಾರಿ ಎಷ್ಟು ಕಡಿದೆಂದರೆ ಹೊತ್ತವರಲ್ಲಿ ಇಬ್ಬರಾದರೂ ತಮಗೂ ಅಲ್ಲೇ ಒಂದು ಗುಂಡಿ ತೋಡಿಬಿಡಿ ಎನ್ನುವುದು ವಾಡಿಕೆ.

"ಕಡ್ಡಿ ಥರ ಇದ್ದ ಎಸ್ಟಿಲ್, ಇಷ್ಟು ಭಾರ ಎಲ್ಲಿಂದ ಬಂತಯ್ಯ?" ಎಂದ ಮುಂದಿದ್ದವನು.

"ಅರ್ಧ ಎಸ್ಟಿಲ್ಲು, ಅರ್ಧ ಅವನು ನುಂಗಿದ ಕಲ್ಲಿದ್ದಲು," ಎಂದ ಹಿಂದಿದ್ದವನು. ಪಾದ್ರಿಯೂ ನಕ್ಕ.

ಪೆಟ್ಟಿಗೆ ಇಳಿಯಿತು. ಎಸ್ಟಿಲ್‌ನ ತಮ್ಮ ಬರ್ಲ್ ಸಲಿಕೆ ಹಿಡಿದ. ಗೇಲನ್ ಮತ್ತೆ ವರ್ಲಿಯ ಮಗ್ಗುಲಿಗೆ ಬಂದ. ಈ ಸಲ ಎಲ್ಲರಿಗೂ ಕೇಳುವಂತೆಯೇ ಅಂದ:

"ಅತ್ತೆ, ನಾನೇನು ಭಿಕ್ಷೆ ಕೇಳ್ತಿಲ್ಲ. ಮೂರು ವರ್ಷದ ಹಿಂದೆ ಚಳಿಗಾಲ ಪೂರ್ತಿ ನಿಮಗೆ ಸೌದೆ ಸೀಳಿ ಹಾಕಿದ್ದು ಯಾರು? 'ನನ್ನ ಕಾಲ ಆದ್ಮೇಲೆ ಇದು ನಿಂದೇ, ನಾನು ಕೊಂಡ ಬೆಲೆಗೇ ತಗೋ' ಅಂತ ಮಾವ ಕೈ ಕುಲುಕಿದ್ರು. ಬರ್ಲಣ್ಣ ಅಲ್ಲೇ ನಿಂತಿದ್ದ."

"ನಿಂತಿದ್ದೆ," ಎಂದ ಬರ್ಲ್. "ಮಾತು ಮಾತೇ, ಅತ್ತಿಗೆ. ಗಂಡ ಹೆಂಡ್ತಿ ಜಗಳ ಅವರಿಬ್ಬರದು. ಮಾತು ನಮ್ಮ ಮನೇದು."

ಅದು ಸುಳ್ಳಲ್ಲ. ಡ್ರೀಮಾಳ ತೋಳಿನ ಸುದ್ದಿ ಬಂದ ದಿನ ಎಸ್ಟಿಲ್ ಮೂಗಿನ ಆಮ್ಲಜನಕದ ಕೊಳವೆ ಸರಿಮಾಡಿಕೊಳ್ಳುತ್ತ ಇಡೀ ಮಧ್ಯಾಹ್ನ ಗೋಡೆ ನೋಡಿದ್ದ.

"ಅವನಿಗೆ ಮಾತು ಕೊಟ್ಬಿಟ್ಟಿದೀನಲ್ಲ, ವರ್ಲಿ."

"ವಾಪಸ್ ತಗೊಳ್ಳಿ."

"ಹೆಂಗೆ ತಗೊಳ್ಳೋದು? ನಾನು ಹೋದ್ಮೇಲೆ ನೀನೇ ಏನಾದ್ರೂ ಮಾಡು."

ಹಾಗೆಂದು ಗೋಡೆಯ ಕಡೆ ತಿರುಗಿದವನು, ವಾರ ಕಳೆಯುವುದರೊಳಗೆ ಮಾತೇ ನಿಲ್ಲಿಸಿದ; ಆಮೇಲೆ ಸಾಯುವವರೆಗಿನ ತಿಂಗಳುಗಳಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ವರ್ಲಿ ಗುಂಡಿಯ ಅಂಚಿನಲ್ಲಿ ನಿಂತು ಲೆಕ್ಕ ಹಾಕಿದಳು. ಇಲ್ಲವೆಂದರೆ ಇವನು ನಾಳೆ ಬರುತ್ತಾನೆ. ನಾಡಿದ್ದೂ ಬರುತ್ತಾನೆ. ಒಂದು ದಿನ ಕೇಳದೆ ಒಳಗೆ ಬರುತ್ತಾನೆ. ಕೊಟ್ಟರೆ, ಕೆಳಗೆ ಚರ್ಚಿನ ಅಡಿಗೆಮನೆಯಲ್ಲಿ ಮುನ್ನೂರು ಜನಕ್ಕಾಗುವಷ್ಟು ಪಾತ್ರೆ ಉಜ್ಜುತ್ತಿರುವ ಡ್ರೀಮಾ. ಕೊಡದಿದ್ದರೆ, ಎಸ್ಟಿಲ್‌ನದು ಅಂತ ಈ ಭೂಮಿಯ ಮೇಲೆ ಉಳಿದದ್ದೇ ಒಂದು ಮಾತು, ಅದೂ ಹೋಗುತ್ತದೆ.

ಅವಳು ಕೈಚೀಲ ತೆರೆದಳು. ಜನ ಕರವಸ್ತ್ರ ಬರುತ್ತದೆ ಅಂದುಕೊಂಡರು. ಪಿಸ್ತೂಲು ಬಂತು. ಪಾದ್ರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಅರವತ್ತು ದಾಟಿದವರಲ್ಲಿ ಅಂಥ ಹಾರಾಟವನ್ನು ಕಣಿವೆ ಅದಕ್ಕೂ ಮುಂಚೆ ಕಂಡಿರಲಿಲ್ಲ. ವರ್ಲಿ ಅದನ್ನು ಗುಂಡಿಗೆ ಬಿಟ್ಟಳು. ಅದು ಮುಚ್ಚಳದ ಮೇಲೆ ಧಡ್ಡೆಂದು ಬಿತ್ತು.

"ಮಣ್ಣು ಹಾಕು, ಬರ್ಲ್."

ಬರ್ಲ್‌ನ ಮುಖ ಕಪ್ಪಿಟ್ಟಿತು. "ನಮ್ಮಣ್ಣನ ಮಾತನ್ನೂ ಅವನ ಜೊತೆಗೇ ಹೂತೆಯಲ್ಲ, ಅತ್ತಿಗೆ. ಇಷ್ಟು ಜನದ ಮುಂದೆ."

ಆದರೂ ಮಣ್ಣು ಹಾಕಿದ. ಗೇಲನ್ ಟೋಪಿ ತೆಗೆದು ಎದೆಗಿಟ್ಟುಕೊಂಡು, ಕೊನೆಯವರೆಗೂ ನಿಂತ. ನಗುತ್ತಲೇ.

*

ಚರ್ಚಿನ ಅಡಿಗೆಮನೆ ನೆಲಮಾಳಿಗೆಯಲ್ಲಿದೆ. ಅದರ ಉದ್ದನೆಯ ಕಿಟಕಿ ಹೊರಗಿನ ನೆಲಮಟ್ಟಕ್ಕಿರುವುದರಿಂದ, ಒಳಗಿದ್ದವರಿಗೆ ಕಾರುಗಳ ಚಕ್ರ, ಜನರ ಕಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಡ್ರೀಮಾ ಕಿಟಕಿಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಎಡತೋಳು ಪೂರ್ತಿ ಚಾಚುತ್ತಿರಲಿಲ್ಲ.

"ಕೂತ್ಕೊಳ್ಳಿ ಅತ್ತೆ. ಬೀನ್ಸು, ಮೆಕ್ಕೆಜೋಳದ ರೊಟ್ಟಿ ಎತ್ತಿಟ್ಟಿದೀನಿ. ಈ ಜನ ಇನ್ನೊಂದರ್ಧ ಗಂಟೆ ಬಿಟ್ಟಿದ್ರೆ ಬೆಂಚನ್ನೂ ತಿಂತಿದ್ರು. ಮೇಲೆ ಏನೋ ಗಲಾಟೆ ಆಯ್ತಂತೆ?"

"ಏನಿಲ್ಲ. ಪಾದ್ರಿ ಹಾರಿದ."

ಡ್ರೀಮಾ ನಕ್ಕಳು. ಏಪ್ರಿಲ್ ಆದಮೇಲೆ ಅವಳು ನಕ್ಕದ್ದನ್ನು ವರ್ಲಿ ನೋಡಿದ್ದು ಅದೇ ಮೊದಲು. ವರ್ಲಿ ರೊಟ್ಟಿ ಮುರಿದಳು.

ಕಿಟಕಿಯಾಚೆ ಎರಡು ಬೂಟುಗಳು ಬಂದು ನಿಂತವು. ಸಮಾಧಿಯ ಕೆಮ್ಮಣ್ಣು ಮೆತ್ತಿದವು, ಬರ್ಲ್‌ನವು. ಅವುಗಳೆದುರಿಗೆ ಪಾಲಿಶ್ ಹಾಕಿದ ಕಪ್ಪು ಬೂಟುಗಳು, ಗೇಲನ್‌ನವು. ಟ್ರಕ್ಕಿನ ಹಿಂಬಾಗಿಲು ಧಡಾರನೆ ಕೆಳಗಿಳಿಯಿತು.

"ನಮ್ಮಣ್ಣ ಸುಳ್ಳ ಅಲ್ಲ ಕಣೋ," ಬರ್ಲ್‌ನ ದನಿ ಗಾಜಿನಾಚೆಯಿಂದ ಸಣ್ಣಗೆ ಕೇಳಿತು. "ಈ ಪಿಸ್ತೂಲು ನಂದು. ಅವನು ಹೇಳಿದ ಬೆಲೆಗೇ ತಗೋ. ಅವನ ಮಾತು ಉಳೀತು ಅನ್ನು."

ವರ್ಲಿ ಕುರ್ಚಿ ಕೆಡವಿಕೊಂಡು ಎದ್ದಳು, ಬೆರಳ ಗೆಣ್ಣಿನಿಂದ ಗಾಜನ್ನು ಬಡಿದಳು. ಮಣ್ಣಿನ ಬೂಟುಗಳು ಒಂದು ಕ್ಷಣ ನಿಂತವು. ಆಮೇಲೆ ಟ್ರಕ್ಕು ಹತ್ತಿ ಹೋದವು.

ಕಪ್ಪು ಬೂಟುಗಳು ಹೋಗಲಿಲ್ಲ. ನಿಧಾನವಾಗಿ ತಿರುಗಿ ಕಿಟಕಿಗೆ ಮೂತಿ ಮಾಡಿ ನಿಂತವು.

"ಯಾರು ಅತ್ತೆ ಅದು?" ನಲ್ಲಿಯ ನೀರಿನ ಸದ್ದಿನ ನಡುವೆ ಡ್ರೀಮಾ ಕೇಳಿದಳು. "ಊಟಕ್ಕೆ ಇನ್ನೂ ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ನೀನು ಈ ಕಡೆ ತಿರುಗಬೇಡ."

ವರ್ಲಿ ಬಿದ್ದ ಕುರ್ಚಿಯನ್ನೆತ್ತಿ ಹತ್ತಿ, ಗಾಜಿಗೆ ಬೆನ್ನು ಒತ್ತಿ, ಕರಿ ಲಂಗವನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನಿಂತಳು. ಕಿಟಕಿ ಅವಳ ಎರಡೂ ಪಕ್ಕಕ್ಕೆ ಇನ್ನೂ ಮೂರು ಮೂರು ಅಡಿ ಉಳಿದಿತ್ತು.