ಯಾರೂ ಒತ್ತದ ಗುಂಡಿ

ಅಂಟಿನ ಗುರುತು, ಚೌಕಾಕಾರದ್ದು, ರಿಮೋಟಿನ ಅಪ್ಪಣೆ ಕೇಳಿ ಕ್ರೇನಿನ ಕೊಕ್ಕೆ ಆಡಿಸುವ ರಿಸೀವರ್ ಡಬ್ಬಿಯ ಮೇಲೆ, ಹೆಬ್ಬೆರಳಿನಲ್ಲಿ ಸವರಿದರೆ ಇನ್ನೂ ಜಿಗುಟು — ನಂಬರಿನ ಚೀಟಿ ಇರಬೇಕಾದ ಜಾಗದಲ್ಲಿ ಬರೀ ಅಂಟು, ಚೀಟಿ ಮಾತ್ರ ಸ್ಟೋರಿನ ದಪ್ಪ ಪುಸ್ತಕದಲ್ಲಿ ಬೆಚ್ಚಗಿದೆ, ಎಣ್ಣೆ ಧೂಳಿಗೆ ಅಳಿಸಿಹೋಗುತ್ತೆ ಕಣಮ್ಮ, ಅದಕ್ಕೇ ಎರಡೂ ರಿಸೀವರಿನದು ಕಿತ್ತು ಇಲ್ಲಿ ಅಂಟಿಸಿದೀನಿ, ಎಷ್ಟು ಭದ್ರವಾಗಿವೆ ನೋಡು, ಎಂದು ಸ್ಟೋರಿನ ಯಜಮಾನರು ಹೆಮ್ಮೆಯಿಂದ ತೋರಿಸಿದ್ದರು, ಭದ್ರವಂತೆ, ಅವಳಿ ಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಹೆಸರನ್ನು ಮಾತ್ರ ಮನೆಗೆ ತಂದ ಹಾಗೆ, ನಿನ್ನೆ ಯಾರೋ ಕೈಗೆ ಸಿಕ್ಕಿದ್ದನ್ನು ಎರಡನೇ ಕ್ರೇನಿಗೆ ಕೂರಿಸಿದ್ದಾರೆ, ಉಳಿದದ್ದನ್ನು ಇವತ್ತು ಕ್ರೇನುಗಳ ವೈರಿಂಗ್ ನೋಡಿಕೊಳ್ಳುವ ಇವಳಿಗೆ ಕೊಟ್ಟು ಒಂದನೆಯದಕ್ಕೆ ಹಾಕು ಎಂದಿದ್ದಾರೆ, ಅದಲುಬದಲಾಗಿದ್ದರೆ? ಆ ಕ್ರೇನಿನ ರಿಮೋಟಿನಲ್ಲಿ ಒತ್ತಿದ ಗುಂಡಿಗೆ ಈ ಕ್ರೇನಿನ ಕೊಕ್ಕೆ ಇಳಿಯುತ್ತದೆ, ಬಗ್ಗಿ ಸರಪಳಿ ಬಿಗಿಯುವವರ ಬೆನ್ನ ಮೇಲೆ — ಅದಕ್ಕೇ ಎರಡನೇ ಕ್ರೇನಿನ ಮೇನ್ ಸ್ವಿಚ್ಚಿಗೆ ತನ್ನ ಬೀಗ ಜಡಿದು ಅವಳು ಏಣಿ ಹತ್ತಿದ್ದಾಳೆ, ಕೆಳಗೆ ಮ್ಯಾನೇಜರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ, ನಿಲ್ಲಲಿ, ಕೀಲಿ ಕೊಡು, ಒತ್ತಿ ನೋಡಿದ್ರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಕೊಡಲ್ಲ ಸಾರ್, ಬೀಗ ಹಾಕಿದವರೇ ತೆಗೀಬೇಕು ಅಂತ ಗೋಡೆ ಮೇಲೆ ಬರೆಸಿದ್ದು ನೀವೇ, ಕೆಲಸ ಬೇಡ್ವಾ ನಿನಗೆ, ಬೇಕು ಸಾರ್, ಅದನ್ನೇ ಮಾಡ್ತಿದೀನಿ.

ಒತ್ತಿ ನೋಡುವುದು, ಅಣ್ಣನ ಮೇಲೆ ಕೊಕ್ಕೆ ಇಳಿದ ಅಂದೂ ಪಕ್ಕದ ಕ್ರೇನಿನಲ್ಲಿ ಯಾರೋ ಒತ್ತಿ ನೋಡಿರಬೇಕು, ಇದೇ ಶೆಡ್ಡು, ಇದೇ ಅಚ್ಚುಕಟ್ಟಿನ ಪುಸ್ತಕ, ಅಣ್ಣನ ರಿಮೋಟು ಅವನ ಸೊಂಟದಲ್ಲಿ ನೇತಾಡುತ್ತಿತ್ತು, ಎರಡೂ ಕೈ ಸರಪಳಿಯ ಮೇಲೆ, ನಾನು ಒತ್ತಲಿಲ್ಲ ಕಣೇ, ಮೇಲೆ ರಿಸೀವರಿನ ಹಸಿರು ದೀಪ ತಾನಾಗೇ ಹತ್ತಿತು — ಆಸ್ಪತ್ರೆಯ ಮಂಚದಲ್ಲಿ, ಆಮೇಲೆ ಊರುಗೋಲು ಗೋಡೆಗೊರಗಿಸಿ ಅಡುಗೆಮನೆಯ ಬಾಗಿಲಲ್ಲಿ, ಆರು ವರ್ಷದಿಂದ ಅದೇ ಮಾತು, ವಿಚಾರಣೆಯವರು ಅಜಾಗರೂಕತೆ ಎಂದು ಬರೆದು ರುಜು ಹಾಕಿ ಕೈತೊಳೆದುಕೊಂಡರು, ಅವರನ್ನೇಕೆ ಅನ್ನಬೇಕು, ತಟ್ಟೆ ಇಡುತ್ತಾ ಹೂಂ ಅಣ್ಣ, ಲೋಟ ತೊಳೆಯುತ್ತಾ ಹೂಂ ಅಣ್ಣ, ನಂಬದೆ ಅಂದ ಹೂಂ ಅದು, ನಾಚಿಕೆಯಾಗುತ್ತದೆ, ಆಗಲಿ, ಸ್ಕ್ರೂಡ್ರೈವರ್ ತೆಗೆ.

ಮೊದಲು ಮೋಟಾರಿನ ವೈರುಗಳನ್ನು ಬಿಚ್ಚಿ ತುದಿಗೆ ಟೇಪು ಸುತ್ತು, ಆಂಟೆನಾ ಬಿಗಿ, ಆಂಟೆನಾ ಇಲ್ಲದೆ ಕರೆಂಟು ಕೊಡಬೇಡ, ಆಮೇಲೆ ರಿಸೀವರಿಗೆ ಮಾತ್ರ ಈ ಪುಟ್ಟ ಬ್ಯಾಟರಿ, ಈಗ ರಿಸೀವರ್ ಕೇಳಿಸಿಕೊಳ್ಳಬಲ್ಲದು, ಕೊಕ್ಕೆಯನ್ನು ಅಲ್ಲಾಡಿಸಲಾರದು, ಎಷ್ಟು ಹೊತ್ತು ಇನ್ನೂ, ಕೆಳಗಿನಿಂದ ಮ್ಯಾನೇಜರ ಕೂಗು, ಬೈಯಲಿ, ನಾಳೆ ಗೇಟಿನ ಹೊರಗೆ ನಿಲ್ಲಿಸಲಿ, ಗುರುತಿಲ್ಲದ ಡಬ್ಬಿಯ ಕೆಳಗೆ ಒಬ್ಬರನ್ನೂ ನಿಲ್ಲಿಸಲು ಅವಳು ಬಿಡುವುದಿಲ್ಲ, ಈ ಎರಡನೇ ಕ್ರೇನಿನ ರಿಮೋಟು ಅಗೋ ಕೆಳಗೆ ಮೊಳೆಗೆ ತೂಗುತ್ತಿದೆ, ಎಲ್ಲರೂ ನೋಡಿಕೊಳ್ಳಿ, ಯಾರೂ ಮುಟ್ಟಿಲ್ಲ, ಅವಳ ಕೈಯಲ್ಲಿರುವುದು ಒಂದನೇ ಕ್ರೇನಿನ ರಿಮೋಟು, ಒತ್ತುತ್ತಾಳೆ — ಅಂಟಿನ ಚೌಕದ ಪಕ್ಕದಲ್ಲೇ, ಹಸಿರು, ಬಿಟ್ಟರೆ ಆರುತ್ತದೆ, ಒತ್ತಿದರೆ ಹತ್ತುತ್ತದೆ, ಮ್ಯಾನೇಜರು ಕೈ ಕೆಳಗಿಳಿಸಿದ್ದಾರೆ, ನೋಡಿ ಸಾರ್ ಎನ್ನಬೇಕೆಂದು ಆರು ವರ್ಷದ ಸಿಟ್ಟೆಲ್ಲ ಬಾಯಿಗೆ ಬಂದರೂ ಅವಳು ಮತ್ತೆ ಗುಂಡಿಯನ್ನೇ ಒತ್ತುತ್ತಾಳೆ, ನಾನು ಒತ್ತಲಿಲ್ಲ ಕಣೇ, ಹೂಂ ಅಲ್ಲ ಅಣ್ಣ, ಹೌದು, ನೀನು ಒತ್ತಲಿಲ್ಲ, ಹತ್ತಿತು, ಮೊಳೆಯ ಮೇಲಿನ ರಿಮೋಟು ಮೊಳೆಯ ಮೇಲೇ ಇದೆ, ಇಲ್ಲಿ ಹಸಿರು ದೀಪ, ಹಸಿರು ದೀಪ —