ಹೂವಮ್ಮ ಪಟಾಕಿ ಹಚ್ಚದ ದಿನ

ಹೂವಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿದಾಗಲೆಲ್ಲ ಪಕ್ಕದ ಮನೆಯ ಚೌಡಪ್ಪನ ದಪ್ಪ ಪಟಾಕಿ ಸಿಡಿಯುತ್ತಿತ್ತು. ಅವನ ಹಿತ್ತಿಲ ಹಲಸಿನ ಮರದಲ್ಲಿದ್ದ ಮಂಗಗಳು ಹೆದರಿ ಇವಳ ಹೆಂಚಿನ ಮೇಲೆ ಹಾರುತ್ತಿದ್ದವು, ಅಲ್ಲಿಂದ ಚಾಪೆಗೆ. ಸಾಗರ ಪೇಟೆಯ ಅಂಗಡಿಗೆ ಒಪ್ಪಿಕೊಂಡ ಹಪ್ಪಳವೆಲ್ಲ ಹೀಗೇ ಚೂರಾಗಿ, ಅಂಗಡಿಯವನು ಇನ್ನು ಬೇಡವೆಂದ. ಅದಕ್ಕಿಂತ ಉರಿಸಿದ್ದು ಹಾಲಿನ ಡೈರಿಯೆದುರು ಊರವರನ್ನು ನಗಿಸುತ್ತ ಚೌಡಪ್ಪ ಆಡಿದ ಮಾತು: "ಹೂವಮ್ಮನ ಹಪ್ಪಳ ಮನುಷ್ಯರಿಗಿಂತ ಮಂಗಂಗೇ ರುಚಿ ಕಣ್ರೋ!"

ಇದಕ್ಕೆ ತಿರುಗಿಸಿ ಕೊಡದಿದ್ದರೆ ತಾನು ಹೂವಮ್ಮನೇ ಅಲ್ಲ ಅಂದುಕೊಂಡಳು. ಆದರೆ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ದಾರಿಯಿಂದ ತಿರುಗಿ ಬರುವ ಹೆಂಗಸು ಅವಳು. ತಪ್ಪು ಅವನದೇ ಎಂದು ಖಾತ್ರಿಯಾಗದೆ ಸೇಡಿಗೆ ಕೈಹಾಕಲಾರಳು. ಮಂಗ ಕಂಡರೆ ಅವಳೂ ಸಣ್ಣದೊಂದು ಪಟಾಕಿ ಹಚ್ಚುತ್ತಿದ್ದಳು. ಅದಕ್ಕೆ ಅವು ಕತ್ತು ತಿರುಗಿಸಿ ನೋಡುತ್ತಿದ್ದವು, ಅಷ್ಟೆ. ಹಾಗಾದರೆ ಇಬ್ಬರ ಕೈಯಲ್ಲೂ ಪಟಾಕಿ ಹಚ್ಚಿಸುತ್ತಿರುವುದು ಮಂಗಗಳೋ? ಇಲ್ಲವೆ ಒಬ್ಬರ ಸದ್ದು ಇನ್ನೊಬ್ಬರನ್ನು ಎಬ್ಬಿಸುತ್ತಿದೆಯೋ? ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಅಜ್ಜಿಯ ಹಾಗಾಗಬಾರದು. ಕೋಳಿಯನ್ನು ಮುಚ್ಚಿಟ್ಟು ನೋಡಬೇಕು.

ಒಂದು ಮಧ್ಯಾಹ್ನ, ಮರದಲ್ಲಿ ಒಂದೂ ಮಂಗ ಇಲ್ಲದಾಗ, ಪಟಾಕಿ ಹಚ್ಚಿದಳು. ಹೊಗೆ ಕರಗುವ ಮೊದಲೇ ಚೌಡಪ್ಪನದು ಢಂ ಎಂದಿತು. ಮರುದಿನ ಬೇರೆ ಹೊತ್ತಿಗೆ ಹಚ್ಚಿದಳು. ಮತ್ತೆ ಢಂ. ಆಮೇಲೆ ಕೆಲವು ದಿನ ಮಂಗ ಬಂದರೂ ಸುಮ್ಮನಿದ್ದಳು. ಜಗಲಿಯಲ್ಲಿ ಕೂತ ಚೌಡಪ್ಪನಿಗೆ ಹಿತ್ತಿಲ ಮರ ಕಾಣುವುದಿಲ್ಲ, ಅವನೂ ಸುಮ್ಮನಿದ್ದ. ಮಂಗಗಳು ಅಲ್ಲೇ ಹಣ್ಣು ತಿಂದು ಕಾಡಿಗೆ ಹೋದವು. ಹಪ್ಪಳಕ್ಕೆ ಏನೂ ಆಗಲಿಲ್ಲ.

ಅವನ ಪಟಾಕಿಗೆ ಇಷ್ಟು ದಿನ ಕಿಡಿ ಕೊಟ್ಟವಳು ತಾನೇ! ಸೇಡು ಬಿಟ್ಟುಬಿಡಬೇಕೇ? ಆದರೆ ಡೈರಿಯೆದುರಿನ ಆ ಮಾತು? ಅದು ಅವನ ಬಾಯಿಂದಲೇ ಬಂದದ್ದು. ಅದಕ್ಕೆ ಯಾರ ಕಿಡಿಯೂ ಬೇಕಾಗಿರಲಿಲ್ಲ.

ಚೌಡಪ್ಪನ ಮಗಳು ಕಾವ್ಯಾಳ ನಿಶ್ಚಿತಾರ್ಥಕ್ಕೆ ತೀರ್ಥಹಳ್ಳಿಯಿಂದ ಗಂಡಿನವರು ಬಂದರು. ಹೂವಮ್ಮನಿಗೆ ಕರೆಯಿರಲಿಲ್ಲ. ಹಿತ್ತಿಲ ಚಪ್ಪರದಲ್ಲಿ ಬಾಳೆಲೆಯ ಮೇಲೆ ಹೋಳಿಗೆ ಆರುತ್ತಿತ್ತು. ಉಂಗುರ ಹಾಕುವುದನ್ನು ನೋಡಲು ಅಡುಗೆಯವರೂ ಜಗಲಿಗೆ ಹೋಗಿದ್ದರು. ಮಂಗಗಳು ಒಂದೊಂದಾಗಿ ಮರಕ್ಕೆ ಬಂದವು.

ತನ್ನ ಅಂಗಳದಿಂದ ಅದನ್ನು ಕಂಡ ಹೂವಮ್ಮ ಪಟಾಕಿ ಹಚ್ಚಲು ಬೆಂಕಿಕಡ್ಡಿ ತೆಗೆದಳು. ಚಿಕ್ಕವಳಿದ್ದಾಗ ಚಾಪೆಯಿಂದ ಹಸಿ ಹಪ್ಪಳ ಕದ್ದು ತಿನ್ನುತ್ತಿದ್ದ ಕಾವ್ಯಾ ಕಣ್ಣಮುಂದೆ ಬಂದಳು. ಅವಳ ಹಿಂದೆಯೇ ಡೈರಿಯೆದುರಿನ ನಗು ಕೇಳಿಸಿತು. ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿದಳು.

ಮಂಗಗಳು ಇಳಿದವು.

ಸ್ವಲ್ಪ ಹೊತ್ತಿಗೆ ಪಂಚೆ ಎತ್ತಿಕಟ್ಟಿಕೊಂಡು ಚೌಡಪ್ಪ ಬೇಲಿಗೆ ಓಡಿಬಂದ. ಗಂಡಿನವರೂ ಅವನ ಹಿಂದೆಯೇ ಬಂದು ನಿಂತರು.

"ಹೂವಮ್ಮಾ, ಮಂಗ ಬಂದಿದ್ದು ಕಾಣ್ಲಿಲ್ವನೇ ನಿಂಗೆ? ಪಟಾಕಿ ಯಾಕೆ ಹೊಡೀಲಿಲ್ಲ?"

"ನಿಮ್ಮನೆಗೆ ಮಂಗ ಬಂದ್ರೆ ನಾನ್ಯಾಕೆ ಹೊಡೀಲಿ ಬಾವ?"

"ಅಯ್ಯೋ, ನೀನ್ ಹೊಡೆದ್ರೇ ತಾನೆ ನಂಗೆ ಗೊತ್ತಾಗೋದು!"

"ಹೋಗ್ಲಿ ಬಿಡಿ. ನಿಮ್ಮನೆ ಹೋಳಿಗೆ ಮನುಷ್ಯರಿಗಿಂತ ಮಂಗಂಗೇ ರುಚಿ ಆಯ್ತೇನೋ."

ಗಂಡಿನವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚೌಡಪ್ಪ ಎತ್ತಿಕಟ್ಟಿದ ಪಂಚೆ ಇಳಿಸಿಕೊಂಡು ಚಪ್ಪರದ ಕಡೆ ತಿರುಗಿದ.

ಹೂವಮ್ಮ ಚಾಪೆಯ ಬಳಿ ಕೂತಳು. ಒಂದನ್ನೂ ಮುರಿಯದೆ ಎಲ್ಲ ಹಪ್ಪಳ ಮಗುಚಿದಳು.