ಮುಚ್ಚದೆ ಬಂದ ನೀರು

ನಾಯಿಯ ಮೂರು ಪಾದಗಳಿಗೆ ಮದರಂಗಿ ಹಚ್ಚಿಯಾಗಿತ್ತು. ನಾಲ್ಕನೆಯದನ್ನು ಅದು ಕೊಡಲೊಲ್ಲದು. ತಿಬ್ರಾ ಅದರ ಕುತ್ತಿಗೆಯನ್ನು ಮೊಣಕಾಲುಗಳ ನಡುವೆ ಮೆತ್ತಗೆ ಹಿಡಿದು, ಕಾಲೆತ್ತಿ, ಹಸಿರು ಲೇಪವನ್ನು ಬೆರಳಿನಿಂದ ಉಗುರಿನ ಸಂದಿಗಳಿಗೆ ತುಂಬತೊಡಗಿದಳು. ಬರ್ಗ ಎಂಬ ಆ ನಾಯಿ ಮುಖ ತಿರುಗಿಸಿ, ತನಗೂ ಆ ಕಾಲಿಗೂ ಸಂಬಂಧವಿಲ್ಲವೆನ್ನುವಂತೆ ಗೋಡೆ ನೋಡುತ್ತ ನಿಂತಿತು. ಮದರಂಗಿ ಹಿಡಿದರೆ ಅಂಗಾಲು ಗಟ್ಟಿಯಾಗುತ್ತದೆ. ಮೊಲದ ಹಿಂದೆ ಬಿಸಿ ಮರಳಿನಲ್ಲಿ ಓಡುವಾಗ ಸುಲಿಯುವುದಿಲ್ಲ.

ಅತ್ತೆ ಜನ್ನಾತ್ ಗೋಡೆಯ ನೆರಳಲ್ಲಿ ಕೂತು ಖರ್ಜೂರದ ಬೀಜ ತೆಗೆಯುತ್ತಿದ್ದಳು. "ನಿನ್ನ ಮಗಳ ಮದುವೇಲೂ ಇಷ್ಟು ಚೆನ್ನಾಗಿ ಹಚ್ಚಿರಲಿಲ್ಲ ನೀನು."

"ಅವಳು ಮರಳಲ್ಲಿ ಓಡಬೇಕಾಗಿರಲಿಲ್ಲ ಅತ್ತೆ."

"ಓಡಿದ್ರೆ ಚೆನ್ನಾಗಿರ್ತಿತ್ತು. ಆ ಅಳಿಯನ್ನ ನೋಡಿದ್ರೆ ನನಗೇ ಓಡೋಣ ಅನ್ಸುತ್ತೆ."

ತಿಬ್ರಾ ನಕ್ಕಳು. ಪಾದಕ್ಕೆ ಬಟ್ಟೆ ಸುತ್ತಿ ನಾಯಿಯನ್ನು ಬಿಟ್ಟಳು. ಅದು ನಾಲ್ಕೂ ಕಾಲುಗಳನ್ನು ಎತ್ತೆತ್ತಿ ಇಡುತ್ತ ಅಂಗಳ ದಾಟಿತು.

ಬೇಟೆಗೆ ಬೇಕಾದ ಉಳಿದದ್ದೆಲ್ಲ ಸಿದ್ಧವಾಗಿತ್ತು. ಜವೆಗೋಧಿಯನ್ನು ಹುರಿದು ಬೀಸಿ, ಖರ್ಜೂರ ಮತ್ತು ಎಣ್ಣೆ ಹಾಕಿ ನಾದಿ ಚೀಲಕ್ಕೆ ತುಂಬಿದ್ದಳು; ಒಲೆ ಹೊತ್ತದಿದ್ದರೂ ಒಂದು ಹಿಡಿ ತಿಂದು ನಡೆಯಬಹುದು. ಬೆಂಕಿಪೊಟ್ಟಣವನ್ನು ಮೇಣ ಹಚ್ಚಿದ ಬಟ್ಟೆಯಲ್ಲಿ ಕಟ್ಟಿದ್ದಳು. ಮೇಕೆ ಚರ್ಮದ ನೀರಿನ ಚೀಲ ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಹದಗೊಂಡು, ಒಳಗೆಲ್ಲ ಮರದಿಂದಿಳಿಸಿದ ಟಾರು ಬಳಿಸಿಕೊಂಡು, ಮೂರು ಕೋಲುಗಳ ನಡುವೆ ತೂಗಾಡುತ್ತಿತ್ತು. ಅದನ್ನು ನೇತುಹಾಕುವ ಆ ಕೋಲುಗಳೂ ಬೇಟೆಗೆ ಹೋಗುವಂಥವೇ.

ಇದನ್ನೆಲ್ಲ ಸಿದ್ಧಮಾಡಿಯೂ ಹೋಗದೆ ಉಳಿಯುವವಳು ಅವಳೊಬ್ಬಳೇ.

ಮಳೆ ಒಂದು ಸಲ ಬಂದು ಹೋದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಪ್ರತಿ ವರ್ಷ ಅವಳಿಗೆ ಹೀಗಾಗುತ್ತಿತ್ತು. ಕೈ ಕೆಲಸ ಮಾಡುತ್ತಿತ್ತು, ಕಾಲು ಸುಮ್ಮನಿರುತ್ತಿರಲಿಲ್ಲ. ಅವಳ ಅಪ್ಪ ಸಾಲಿಂ ಬೇಟೆಗಾರ. ಗಂಡು ಮಕ್ಕಳಿಲ್ಲದ ಅವನು ಇವಳು ದೊಡ್ಡವಳಾಗುವ ತನಕ ಜೊತೆಗೆ ಕರೆದೊಯ್ಯುತ್ತಿದ್ದ. ಮಲಗುವ ಮುನ್ನ ಮೊಲ ತನ್ನ ಹೆಜ್ಜೆ ಬಿಟ್ಟು ಪಕ್ಕಕ್ಕೆ ಹಾರಿಕೊಳ್ಳುತ್ತದೆಂದು ತೋರಿಸಿಕೊಟ್ಟಿದ್ದ. ಉದ್ದಕ್ಕೆ ಕುಣಿ ತೋಡಿ, ಅದರಲ್ಲಿ ಬೆಂಕಿ ಉರಿಸಿ, ಕೆಂಡದ ಮೇಲೆ ಮರಳೆಳೆದು, ಆ ಬೆಚ್ಚಗಿನ ಹಾಸಿಗೆಯಲ್ಲಿ ಅವಳನ್ನು ಮಲಗಿಸುತ್ತಿದ್ದ. ದಾರಿ ತಪ್ಪಿದರೆ ಮೊದಲು ಕೂತುಕೊಳ್ಳಬೇಕು, ನಡೆಯಬಾರದು ಎಂದಿದ್ದ. ಕೂತಲ್ಲಿ ಹೆದರಿಕೆ ಇಳಿಯುತ್ತದೆ, ಹೆದರಿಕೆ ಇಳಿದ ಮೇಲೆ ಕಣ್ಣು ಕಾಣುತ್ತದೆ.

ಮದುವೆಯಾಗಿ ಬಂದದ್ದು ಖರ್ಜೂರದ ತೋಟದವರ ಮನೆಗೆ. ಇವರ ಕಾಲುಗಳಿಗೆ ಕಾಲುವೆಯ ಕೆಸರು ಗೊತ್ತು, ಮರಳು ಗೊತ್ತಿಲ್ಲ. ಗಂಡ ಹಫ್ನಾವಿಗೆ ಬೇಟೆಯ ಹುಚ್ಚು ಹಿಡಿದದ್ದೇ ಹೆಂಡತಿಯ ಮಾತು ಕೇಳಿ ಕೇಳಿ. ಅವನ ಚಿಕ್ಕಪ್ಪನ ಮಗ ಲಮೀನ್ ಹಳೆಯ ಪಿಕಪ್ ಗಾಡಿ ಕೊಂಡ ಮೇಲೆ ಅದು ವರ್ಷವರ್ಷದ ರೂಢಿಯಾಯಿತು. ಅವಳು ಹೇಳಿದಳು, ಅವನು ಹೋದ.

ಸಂಜೆ ಅವನು ಚೀಲದ ಬಾಯಿ ಕಟ್ಟುತ್ತಿದ್ದಾಗ ತಿಬ್ರಾ ಅಂದಳು, "ಈ ಸಲ ನಾನೂ ಬರ್ತೀನಿ."

"ಎಲ್ಲಿಗೆ?"

"ಇನ್ನೆಲ್ಲಿಗೆ. ಮರಳಿಗೆ."

ಹಫ್ನಾವಿ ತಲೆ ಎತ್ತಿ ನೋಡಿದ. ತಮಾಷೆಯಲ್ಲ ಎಂದು ತಿಳಿದು ತಾನೇ ತಮಾಷೆಗೆ ತಿರುಗಿಸಿದ. "ಗಾಡೀಲಿ ಮುಂದೆ ಇಬ್ಬರಿಗೇ ಜಾಗ, ಓ ಸಾಲಿಂನ ಮಗಳೇ. ಹಿಂದೆ ನಾಯಿ."

"ನಾಯಿ ಜೊತೆ ಕೂತ್ಕೋತೀನಿ."

"ಜನ ಏನಂತಾರೆ? ಹಫ್ನಾವಿಗೆ ಮೊಲ ಹಿಡಿಯೋಕೆ ಹೆಂಡತಿ ಬೇಕಾಯ್ತು ಅಂತಾರೆ."

"ಸುಳ್ಳೇನಲ್ವಲ್ಲ," ಎಂದಳು ಜನ್ನಾತ್ ಒಳಗಿನಿಂದ.

"ಅಮ್ಮಾ, ನೀನು ಯಾರ ಕಡೆ?"

"ಮೊಲದ ಕಡೆ. ನೀನು ಹೋದ್ರೆ ಅದು ಬದುಕ್ಕೊಳ್ಳುತ್ತೆ."

ಅವನು ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ, "ವಸಂತದಲ್ಲಿ ನೋಡೋಣ ಬಿಡು. ಆಗ ಎಲ್ಲರೂ ಹೋಗೋಣ, ಡೇರೆ ಹಾಕ್ಕೊಂಡು," ಎಂದ. ಅವನು ಕೆಟ್ಟವನಲ್ಲ, ಹೇಳುವಾಗ ಮನಸಾರೆಯೇ ಹೇಳುತ್ತಿದ್ದ. ಹೋದ ವರ್ಷವೂ ಮನಸಾರೆಯೇ ಹೇಳಿದ್ದ. ತಿಬ್ರಾ ಗಂಟು ಸರಿಯಿಲ್ಲವೆಂದು ಅವನ ಕೈಯಿಂದ ಚೀಲ ತೆಗೆದುಕೊಂಡು ತಾನೇ ಕಟ್ಟಿಕೊಟ್ಟಳು.

"ನೀರಿನ ಚೀಲ ನೇತುಹಾಕಿ."

"ಗೊತ್ತು."

"ಕೆಳಗಿಡಬೇಡಿ."

"ಗೊತ್ತು ಅಂದ್ನಲ್ಲ."

ಬೆಳಿಗ್ಗೆ ಅವರು ಹೋದರು. ಗಾಡಿಯ ಹಿಂಭಾಗದಲ್ಲಿ ಬರ್ಗ ಕೆಂಪು ಪಾದಗಳನ್ನು ಊರಿಕೊಂಡು ಗಾಳಿಗೆ ಮೂಗು ಚಾಚಿ ನಿಂತಿತ್ತು. ತಿರುವಿನವರೆಗೂ ತಿಬ್ರಾ ನೋಡುತ್ತಿದ್ದದ್ದು ಅದನ್ನೇ. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವಂತಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಹೊಟ್ಟೆಕಿಚ್ಚು ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಮನೆಯಲ್ಲಿದ್ದೂ ಇರಲಿಲ್ಲ. ಹಿಟ್ಟು ನಾದುವಾಗ ಅವರು ಗಟ್ಟಿ ನೆಲ ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಇಳಿದಿರಬೇಕು ಅಂದುಕೊಳ್ಳುವಳು. ಬಟ್ಟೆ ಹಿಂಡುವಾಗ ಮೊದಲ ದಿಬ್ಬ ಹತ್ತಿರಬೇಕು. ಅಲ್ಲಿನ ಮರಳು ಬೆಳಗಿನಲ್ಲಿ ತಣ್ಣಗೆ, ಸ್ವಲ್ಪ ಒದ್ದೆಯಾಗಿ, ಹೆಜ್ಜೆಯಿಟ್ಟರೆ ಕರಕರ ಎನ್ನುತ್ತದೆ. ಆ ಸದ್ದನ್ನು ಕೇಳಿ ಎಷ್ಟು ಕಾಲವಾಯಿತು. ತನ್ನ ಅಂಗಾಲನ್ನು ಮುಟ್ಟಿ ನೋಡಿಕೊಂಡಳು. ಸಿಮೆಂಟಿನ ಮೇಲೆ ಓಡಾಡಿ ಒಡೆದಿತ್ತು, ಆದರೆ ಮೆತ್ತಗಾಗಿತ್ತು.

"ಎಲ್ಲಿದ್ದೀಯೇ?" ಎಂದು ಜನ್ನಾತ್ ಎರಡು ಸಲ ಕೇಳಿದಳು.

"ಇಲ್ಲೇ ಅತ್ತೆ."

"ರೊಟ್ಟಿ ಸೀದು ಹೋಗಿದೆ. ಇಲ್ಲಿರೋರಿಗೆ ವಾಸನೆ ಬರುತ್ತೆ."

ಒಂದು ಮಧ್ಯಾಹ್ನ ಗಾಡಿಯ ಸದ್ದಾಯಿತು. ಹಫ್ನಾವಿ ಮೊಲಗಳನ್ನು ಕಾಲು ಕಟ್ಟಿ ಹಿಡಿದುಕೊಂಡೇ ಇಳಿದ. ಇಬ್ಬರ ತುಟಿಗಳೂ ಒಡೆದು ಕಪ್ಪಾಗಿದ್ದವು.

"ಬಾಯಿಗೆ ಏನಾಯ್ತೋ?" ಎಂದಳು ಜನ್ನಾತ್. "ಮೊಲ ಮುತ್ತು ಕೊಡ್ತಾ?"

"ತಿಬ್ರಾನ ಕೇಳು," ಎಂದ ಲಮೀನ್, ಖಾಲಿ ನೀರಿನ ಚೀಲವನ್ನು ಎತ್ತಿ ತೋರಿಸುತ್ತ. "ಅತ್ತಿಗೆ, ನಿನ್ನ ಚೀಲ ತೂತು. ರಾತ್ರಿ ತುಂಬಿತ್ತು, ಬೆಳಿಗ್ಗೆ ಎದ್ರೆ ಅರ್ಧವೂ ಇಲ್ಲ. ಮಾರನೇ ದಿನಕ್ಕೆ ಒಣಗಿ ಹೋಯ್ತು."

ತಿಬ್ರಾ ಚೀಲ ಇಸಿದುಕೊಂಡು, ಬಾಯಿಗೆ ತುಟಿಯಿಟ್ಟು ಊದಿ, ಕೆನ್ನೆಗೆ ಒತ್ತಿ ತಿರುಗಿಸಿದಳು. ಗಾಳಿ ಎಲ್ಲೂ ಸೋರಲಿಲ್ಲ.

"ಎಲ್ಲಿಟ್ಟಿದ್ರಿ ಇದನ್ನ?"

"ಕೆಳಗೆ."

"ಕೆಳಗೆ ಅಂದ್ರೆ?"

"ಕೆಳಗೆ ಅಂದ್ರೆ ಕೆಳಗೆ. ಮರಳ ಮೇಲೆ."

"ಕೋಲುಗಳು?"

ಲಮೀನ್ ನಾಯಿಯ ಕಡೆ ನೋಡಿದ. ಹಫ್ನಾವಿ ಕೆಮ್ಮಿದ. "ಸೌದೆ ಒದ್ದೆಯಾಗಿತ್ತು," ಎಂದ. "ಚಹಾಕ್ಕೆ ಉರಿಸಿದ್ವಿ."

ಜನ್ನಾತ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಿಬ್ರಾ ನಗಲಿಲ್ಲ. ತೂತಿಲ್ಲದಿದ್ದರೂ ಚರ್ಮ ತಾಗಿದರೆ ಸಾಕು, ರಾತ್ರಿಯೆಲ್ಲ ಮರಳು ನೀರು ಕುಡಿಯುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದ್ದಳು. ಇವನು ಸಾಯುವ ಹತ್ತಿರ ಹೋಗಿ ಬಂದಿದ್ದಾನೆಂದು ಅವಳಿಗೆ ಆಗ ತಿಳಿಯಿತು.

"ಆಮೇಲೆ?"

ಹಫ್ನಾವಿ ಗೋಡೆಗೊರಗಿ ಕೂತ. ಈಗ ಅವನ ದನಿಗೆ ಹುರುಪು ಬಂತು. "ಆಮೇಲೇನು, ಬರ್ಗ ಉಳಿಸ್ತು. ಗಾಡಿ ಬಿಟ್ಟ ಕಡೆಗೆ, ಊರ ದಿಕ್ಕಿಗೆ ಮುಖ ಮಾಡಿ ನಡೀತಿದ್ವಿ. ನಾಲಿಗೆ ಅಂಟಿಕೊಂಡಿತ್ತು. ಎರಡು ದಿಬ್ಬದ ನಡುವೆ ಒಂದು ತಗ್ಗು, ಅಲ್ಲಿ ಬೆನ್ನು ಬಾಗಿದ ಒಂದು ಪೊದೆ. ನಾಯಿ ಅದರ ಬುಡ ಕೆರೀತಾ ನಿಂತುಬಿಡ್ತು. ಮೊಲ ಅಂದ್ಕೊಂಡೆ. ನೋಡಿದ್ರೆ ಮರಳಡಿ ಚರ್ಮ, ಚರ್ಮದಡಿ ಕಡ್ಡಿಗಳು, ಅದರಡಿ ನೀರು. ಒಂದು ಕೈ ಆಳದಲ್ಲಿ. ಸಿಹಿ ಅಂದ್ರೆ ಸಿಹಿ. ಯಾರೋ ಪುಣ್ಯಾತ್ಮ ಗೋಡೆಗೆಲ್ಲ ಬುಟ್ಟಿ ಥರ ಗರಿ ಹೆಣೆದಿದ್ದ, ಮರಳು ಕುಸೀದೆ ಇರಲಿ ಅಂತ."

"ಹೆಣಿಗೆ ಎಡಕ್ಕೆ ಸುತ್ತಿತ್ತಾ?"

"ಅದನ್ನೆಲ್ಲ ಯಾರು ನೋಡ್ತಾರೆ? ಹೂಂ, ಎಡಕ್ಕೇ ಇರಬೇಕು. ಯಾಕೆ?"

ಎಡಗೈಯಲ್ಲಿ ಹೆಣೆಯುತ್ತಿದ್ದ ಅಪ್ಪ. ಅವನು ಆ ನೀರಿನ ಕುಣಿಯೊಳಗೆ ಸೊಂಟದ ತನಕ ಇಳಿದು ಕೈ ಚಾಚುತ್ತಿದ್ದ, ಅವಳು ಮೇಲಿನಿಂದ ಒಂದೊಂದೇ ಗರಿಯನ್ನು ನೀರಿಗದ್ದಿ ಕೊಡುತ್ತಿದ್ದಳು. ಕೊನೆಯ ಸುತ್ತು ಅವಳದೇ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಆ ನೀರು ಇನ್ನೂ ಇದೆ ಎಂದರೆ, ಅಷ್ಟು ವರ್ಷಗಳಲ್ಲಿ ಹಾದುಹೋದ ಒಬ್ಬೊಬ್ಬನೂ ಬಾಗಿ ಕುಡಿದು, ಕಡ್ಡಿ ಇಟ್ಟು, ಚರ್ಮ ಎಳೆದು, ಮರಳು ಸವರಿ ಎದ್ದಿದ್ದಾನೆ. ಮುಖ ಕಾಣದವರು, ಮುಂದೆ ಬರುವ ಮುಖ ಕಾಣದವರಿಗಾಗಿ.

"ಮುಚ್ಚಿ ಬಂದ್ರಾ?" ಎಂದು ಕೇಳಿದಳು.

"ಏನನ್ನ?"

"ನೀರನ್ನ."

ಹಫ್ನಾವಿ ಲಮೀನನ ಮುಖ ನೋಡಿದ. "ಚೀಲ ತುಂಬಿಸ್ಕೊಂಡ್ವಿ. ಅಷ್ಟರಲ್ಲಿ ಬರ್ಗ ಒಂದನ್ನ ಎಬ್ಬಿಸ್ತು, ಓಡಿದ್ವಿ. ತೆರೆದಿದ್ರೆ ಒಳ್ಳೇದೇ ಅಲ್ವಾ? ಇನ್ನೊಬ್ಬನ ಕಣ್ಣಿಗೂ ಬೀಳುತ್ತೆ."

ಎಲ್ಲ ಹೇಳಿಕೊಟ್ಟಿದ್ದಳು ಇವನಿಗೆ. ಬೆಂಕಿ, ಹೆಜ್ಜೆ, ಗಾಳಿ, ನೀರಿನ ಚೀಲ. ಕುಡಿದ ನೀರನ್ನು ಮುಚ್ಚಬೇಕೆಂದು ಮಾತ್ರ ಯಾವತ್ತೂ ಹೇಳಿರಲಿಲ್ಲ. ಅದು ಹೇಳಿಕೊಡುವ ವಿಷಯವೆಂದೇ ಅವಳಿಗೆ ಹೊಳೆದಿರಲಿಲ್ಲ; ಉಂಡ ಮೇಲೆ ಕೈ ತೊಳೆಯಬೇಕೆಂದು ದೊಡ್ಡವರಿಗೆ ಯಾರೂ ಹೇಳುವುದಿಲ್ಲವಲ್ಲ.

"ಮರಳು ತುಂಬುತ್ತೆ," ಎಂದಳು ಕೊನೆಗೆ.

"ಹೌದಾ?" ಅವನ ಮುಖ ನಿಜವಾಗಿಯೂ ಸಣ್ಣದಾಯಿತು. "ಗೊತ್ತಾಗಲಿಲ್ಲ ಕಣೇ. ಮುಂದಿನ ಸಲ ಹೋದಾಗ ಮೊದಲು ಅದನ್ನೇ ಮುಚ್ತೀನಿ. ಜ್ಞಾಪಿಸು."

"ಹೂಂ."

ಮುಂದಿನ ಸಲ ಎಂದರೆ ಲಮೀನನ ಗಾಡಿಯ ಚಕ್ರ ಬದಲಾದ ಮೇಲೆ, ಖರ್ಜೂರದ ಕೊಯ್ಲು ಮುಗಿದ ಮೇಲೆ. ಮೋಡವಿಲ್ಲದ ಆಕಾಶದ ಅಂಚು ಆಗಲೇ ಮಬ್ಬಾಗಿತ್ತು. ಗಾಳಿ ದಿಕ್ಕು ಬದಲಿಸಿದರೆ ಒಂದು ವಾರ ಸಾಕು, ಆಮೇಲೆ ಅಲ್ಲೊಂದು ಪೊದೆ ಇರುತ್ತದೆ ಅಷ್ಟೇ.

ಅವಳು ಮೊಲವನ್ನು ಕೊಕ್ಕೆಗೆ ತೂಗುಹಾಕಿ ಸುಲಿಯತೊಡಗಿದಳು. ಹಿಂದೆ ಗಂಡಸರು ಚಹಾ ಹೀರುತ್ತ ತಮ್ಮ ಕಥೆಯನ್ನು ಜನ್ನಾತಳಿಗೆ ಮತ್ತೆ ಹೇಳುತ್ತಿದ್ದರು. ಈ ಸಲ ದಿಬ್ಬ ಇನ್ನೂ ಎತ್ತರವಾಗಿತ್ತು, ನೀರು ಇನ್ನೂ ಆಳದಲ್ಲಿತ್ತು. "ಹಾಗಾದ್ರೆ ಮುಂದಿನ ವರ್ಷ ನಾಯೀನ ಗಾಡಿ ಮುಂದೆ ಕೂರಿಸಿ," ಎನ್ನುತ್ತಿದ್ದಳು ಜನ್ನಾತ್, "ನೀವಿಬ್ರೂ ಹಿಂದೆ ಹೋಗಿ."

ಗುರುವಾರ ಓಣಿಯ ಹೆಂಗಸರು ಕತ್ತೆಗಳನ್ನು ಹೊಡೆದುಕೊಂಡು ಮರಳಂಚಿಗೆ ಸೌದೆಗೆ ಹೋಗುತ್ತಾರೆ. ಅಲ್ಲಿಂದ ಬಾಗಿದ ಪೊದೆಗೆ ಅರ್ಧ ಹಗಲಿನ ನಡಿಗೆ. ಬೇಗ ಹೊರಟರೆ ಹೊತ್ತಿಳಿಯುವುದರೊಳಗೆ ಮುಟ್ಟಬಹುದು. ಅದೇ ದಿನ ಹಿಂದಿರುಗಲು ಆಗುವುದಿಲ್ಲ. ಒಂದು ರಾತ್ರಿ ಅಲ್ಲೇ. ಹೆಂಗಸರು ಮೊದಲು ಕೂಗುತ್ತಾರೆ, ಆಮೇಲೆ ಊರಿಗೆ ಬಂದು ಹೇಳುತ್ತಾರೆ. ಹಫ್ನಾವಿ ಹೆದರುತ್ತಾನೆ, ಬೈಯುತ್ತಾನೆ. ಓಣಿ ಒಂದು ತಿಂಗಳು ಮಾತಾಡುತ್ತದೆ. ಇದೆಲ್ಲವನ್ನೂ ಅವಳು ಒಂದೊಂದಾಗಿ ಯೋಚಿಸಿದಳು. ಯಾವುದೂ ಅವಳ ಕಾಲನ್ನು ಹಿಡಿಯಲಿಲ್ಲ.

ನೀರಿಗೋಸ್ಕರ ಮಾತ್ರ ಹೋಗುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ ಎಂದು ಗೊತ್ತಿತ್ತು. ಸುಳ್ಳು ಹೇಳಿಕೊಳ್ಳಲು ಹೋಗಲಿಲ್ಲ.

"ತಿಬ್ರಾ," ಎಂದು ಕರೆದ ಹಫ್ನಾವಿ, "ಗುರುವಾರ ನಿನ್ನ ತಂಗಿ ಮನೆಗೆ ಹೋಗೋಣ್ವಾ? ಮೊಲ ಕೊಟ್ಟು ಬರೋಣ."

"ಶುಕ್ರವಾರ ನೀವೇ ಹೋಗಿ ಕೊಟ್ಟು ಬನ್ನಿ," ಎಂದಳು ಅವಳು, ಚರ್ಮವನ್ನು ಒಂದೇ ಎಳೆತಕ್ಕೆ ಕೆಳಗಿಳಿಸುತ್ತ. "ಗುರುವಾರ ಸೌದೆ ತರೋದಿದೆ."